ಲೇಡೀಸ್ ಹಾಸ್ಟೆಲಿನ ನೀರಿಗೆ ಶುದ್ಧಿಕಲಶ

ನಮ್ಮ ಊರಿನವರ ಮೂಗಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಮಣಿಪಾಲದ ಗುಡ್ಡೆಯ ಮೇಲೆ, ಡಾಕ್ಟರು ಕಲಿಯುವ ಹುಡುಗಿಯರಿಗೆಂದು ಯಾರೋ ಸಾಹುಕಾರರು ಒಂದು ಖಾಸಗಿ ಹಾಸ್ಟೆಲು ಕಟ್ಟಿಸಿದರು. ಅದರ ಕೊಳಕು ನೀರು ನಾಲ್ಕು ವರ್ಷ ನಮ್ಮ ಕೊಡಂಗೆ ಬೈಲಿನ ತೋಡಿಗೇ ಇಳಿಯಿತು. ಕಪ್ಪಗೆ, ಸೋಪಿನ ನೊರೆ ಹೊತ್ತುಕೊಂಡು, ಗಬ್ಬು ನಾರುತ್ತಾ. ಆ ನಾಲ್ಕು ವರ್ಷ ಯಾರ ಮೂಗಿಗೂ ಏನೂ ಆಗಲಿಲ್ಲ. ದೇವಸ್ಥಾನಕ್ಕೆ ಹೋಗುವವರು ಪಂಚೆ ಮೇಲೆತ್ತಿ ತೋಡು ದಾಟಿದರು, ಆಚೆ ದಡದಲ್ಲಿ ಪಂಚೆ ಇಳಿಸಿ ಒಳಗೆ ಹೋಗಿ ತೀರ್ಥ ಕುಡಿದರು. ಐದನೆಯ ವರ್ಷ ಅದೇ ನೀರು ತಿಳಿಯಾಗಿ, ವಾಸನೆ ಬಿಟ್ಟು, ನನ್ನ ತಮ್ಮನ ಗದ್ದೆಗೆ ಹರಿಯಿತು ನೋಡಿ, ಆವಾಗ ಬಂತು ಇವರಿಗೆಲ್ಲ ಮಡಿ!

ನನ್ನ ಹೆಸರು ಶ್ರೀಮತಿ. ಗಂಡ ಸತ್ತ ಮೇಲೆ ತವರುಮನೆಯ ಜಗಲಿಯಲ್ಲಿ ಬೀಡಿ ಕಟ್ಟಿಕೊಂಡು ಕೂತವಳು. ಬೀಡಿ ಕಟ್ಟುವವಳಿಗೆ ಕೈಗೆ ಮಾತ್ರ ಕೆಲಸ, ಕಿವಿಗೂ ಬಾಯಿಗೂ ಬಿಡುವೇ ಬಿಡುವು. ಜಗಲಿಯ ಎದುರೇ ದೇವಸ್ಥಾನದ ದಾರಿ. ಊರಿನ ದೊಡ್ಡ ಜನ ಎಷ್ಟು ದೊಡ್ಡವರು ಎಂದು ನನಗೆ ಗೊತ್ತಿರುವಷ್ಟು ಅವರ ಹೆಂಡಂದಿರಿಗೂ ಗೊತ್ತಿಲ್ಲ.

ನನ್ನ ತಮ್ಮ ದೂಮಪ್ಪ. ನನಗಿಂತ ಹತ್ತು ವರ್ಷ ಸಣ್ಣವ, ನನಗಿಂತ ನೂರು ಪಾಲು ಸಾಧು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟು, ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಗದ್ದೆಯೇನೋ ಬಂತು, ನೀರು ಬರಲಿಲ್ಲ. ಈ ಕಡೆ ಆಷಾಢದಲ್ಲಿ ಮನೆ ಕೊಚ್ಚಿಹೋಗುವಷ್ಟು ಮಳೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ತೋಡಿನಲ್ಲಿ ಹಾಸ್ಟೆಲಿನ ಕೊಳೆ ಬಿಟ್ಟರೆ ಬೇರೆ ನೀರೇ ಇಲ್ಲ. ಮಳೆಗಾಲದ ಏಣೆಲು ಬೆಳೆ ಒಂದಾಗುತ್ತಿತ್ತು. ಅದರ ನಂತರದ ಸುಗ್ಗಿ ಬೆಳೆಗೆ ನೀರಿಲ್ಲ. ಹಾಗಾಗಿ ಪ್ರತಿ ವರ್ಷ ಏಣೆಲು ಕೊಯ್ದು, ದೀಪಾವಳಿ ಮುಗಿಸಿ, ದೂಮಪ್ಪ ಉಡುಪಿಯಿಂದ ಬೊಂಬಾಯಿ ಬಸ್ಸು ಹತ್ತುತ್ತಿದ್ದ. ಅಲ್ಲಿ ನಮ್ಮ ಧನಿಗಳು ವಿಷ್ಣುಮೂರ್ತಿ ರಾಯರ ತಮ್ಮನದ್ದೊಂದು ಹೋಟೆಲು. ಅದರ ಹಿಂಬದಿಯ ನಲ್ಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಮೇ ತಿಂಗಳವರೆಗೆ ಪ್ಲೇಟು ತೊಳೆಯುವುದು. ನಮ್ಮ ಬೈಲಿನ ಗಂಡಸರಲ್ಲಿ ಸುಮಾರು ಜನರ ಬೇಸಗೆ ಅಲ್ಲೇ ಕಳೆಯುತ್ತಿತ್ತು.

ಅವನ ಹೆಂಡತಿ ಗುಲಾಬಿ ಎರಡು ಸಲ ಹೆತ್ತಳು. ಎರಡು ಸಲವೂ ದೂಮಪ್ಪ ಬೊಂಬಾಯಿಯಲ್ಲಿ. ಮೊದಲನೆಯ ಮಗು ಒಂದು ವಾರ ಬದುಕಿತು. ಎರಡನೆಯದು ಅಳಲೇ ಇಲ್ಲ. ಎರಡಕ್ಕೂ ಇನ್‌ಲ್ಯಾಂಡ್ ಕಾಗದ ಬರೆದವಳು ನಾನೇ. ಅದು ಅವನ ಕೈಗೆ ಸಿಗುವಾಗ ಇಲ್ಲಿ ಮಣ್ಣು ಮಾಡಿ, ಸೂತಕವೂ ಕಳೆದಾಗಿತ್ತು. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಗುಲಾಬಿ ಮೂರನೆಯ ಸಲ ಬಸುರಾದಳು. ಲೆಕ್ಕ ಹಾಕಿದರೆ ಮಾರ್ಚಿಗೆ ದಿನ ತುಂಬುತ್ತದೆ.

"ಈ ಸಲ ನಾನು ಹೋಗುವುದಿಲ್ಲ ಅಕ್ಕ" ಎಂದ ದೂಮಪ್ಪ.

"ಹೋಗದಿದ್ದರೆ ಎಂತ ತಿನ್ನುವುದು? ನನ್ನ ಬೀಡಿ ಎಲೆಯನ್ನಾ?"

"ಗೊತ್ತಿಲ್ಲ. ಆದರೆ ಮಗು ಹುಟ್ಟುವಾಗ ನಾನು ಇಲ್ಲಿ ಇರಬೇಕು."

ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟಕ್ಕೆ ಒಂದು ಸುಗ್ಗಿ ಬೆಳೆ ಸಾಕಿತ್ತು. ಸುಗ್ಗಿಗೆ ನೀರು ಸಾಕಿತ್ತು.

ನೀರು ತಂದವರು ಓಸ್ವಾಲ್ಡ್ ಪೊರ್ಬುಗಳು. ಇನ್ನಂಜೆಯ ಕಡೆಯ ಕೊಂಕಣಿ ಕ್ರಿಶ್ಚಿಯನರು, ಅವರನ್ನು ನಾವು ಮರ್ಯಾದೆಗೆ ಪೊರ್ಬುಗಳು ಎನ್ನುವುದು, ಹಾಸ್ಟೆಲಿನ ನಲ್ಲಿ, ಪೈಪು, ಹೊಂಡ ಎಲ್ಲದರ ಮೇಲ್ವಿಚಾರಕರು. ಡಿಪ್ಲೊಮಾ ಮಾಡಿದವರೆಂಬ ಹೆಮ್ಮೆ ಸ್ವಲ್ಪ ಜಾಸ್ತಿಯೇ ಉಂಟು. ಮಾತಿಗೆ ನಿಂತರೆ ಬೆಕ್ಕಿಗೂ ಡ್ರೈನೇಜಿನ ಪಾಠ ಹೇಳುವವರು. ಚೌತಿ ಕಳೆದ ಮೇಲೆ ಒಂದು ದಿನ ಪೈಪು ಎಲ್ಲಿಗೆ ಇಳಿಯುತ್ತದೆಂದು ನೋಡಲು ಬೈಲಿಗೆ ಬಂದವರು, ತೋಡಿನ ಹತ್ತಿರ ನಿಂತು ಮೂಗು ಮುಚ್ಚಿಕೊಂಡರು. ನಾಲ್ಕು ವರ್ಷದಲ್ಲಿ ಅಲ್ಲಿ ಮೂಗು ಮುಚ್ಚಿದ ಮೊದಲ ಮನುಷ್ಯ!

"ಇದೆಂತ ಅನ್ಯಾಯ ಮಾರಾಯ್ರೇ! ಇಷ್ಟು ನೀರು ಸುಮ್ಮನೆ ಹಾಳು!" ಎಂದರು. "ಕೊಳೆ ಮಾತ್ರ ತೆಗೆದರೆ ಇದು ಒಳ್ಳೆಯ ನೀರು. ಗೊಬ್ಬರವೂ ಇದರಲ್ಲೇ ಉಂಟು. ಇನ್ನಂಜೆಯಲ್ಲಿ ನನ್ನ ಅಮ್ಮ ಸೆಲೀನ್ ಬಾಯಿ ಮಲ್ಲಿಗೆ ಗಿಡಗಳಿಗೆ ಹಾಕುವುದು ಬಚ್ಚಲಿನ ನೀರನ್ನೇ. ನಿಮ್ಮ ದೇವಿ ಶುಕ್ರವಾರ ಮುಡಿಯುವುದು ಅದೇ ಮಲ್ಲಿಗೆ ಅಲ್ವಾ?"

"ಅಷ್ಟು ಜೋರಾಗಿ ಹೇಳಬೇಡಿ ಪೊರ್ಬುಗಳೇ. ನಾಳೆಯಿಂದ ದೇವಿಗೆ ಹೂವೂ ಇಲ್ಲದ ಹಾಗೆ ಮಾಡಿಯಾರು" ಎಂದೆ ನಾನು.

ದೂಮಪ್ಪ ನಗಲಿಲ್ಲ. ಅವನು ನೀರನ್ನೇ ನೋಡುತ್ತಿದ್ದ.

ಹಾಸ್ಟೆಲಿನವರ ಒಪ್ಪಿಗೆ ಪಡೆದು ಇಬ್ಬರೂ ಸೇರಿ ಗುಡ್ಡೆಯ ಬುಡದಲ್ಲಿ ಹೊಂಡ ತೋಡಿದರು. ಮೊದಲನೆಯದು ಆಳದ್ದು, ಕೆಂಪುಕಲ್ಲಿನ ಗೋಡೆಯದ್ದು. ಅದರಲ್ಲಿ ಕೊಳೆ ಅಡಿಗೆ ಕೂರಬೇಕು. ಎರಡನೆಯದರಲ್ಲಿ ಜಲ್ಲಿ, ಇದ್ದಿಲಿನ ಮಸಿ, ಮರಳು. ಅಲ್ಲಿ ನೀರು ಸೋಸಬೇಕು. ಮೂರನೆಯದು ಹೊಂಡವಲ್ಲ, ಮೊಣಕಾಲಷ್ಟು ನೀರು ನಿಲ್ಲುವ ಉದ್ದದ ಕೆರೆ. ಅದರ ತುಂಬ ಕೆಸು, ಜೊಂಡುಹುಲ್ಲು ನೆಟ್ಟರು. ಉಳಿದ ಕೊಳೆಯನ್ನು ಆ ಬೇರುಗಳೇ ತಿನ್ನುತ್ತವಂತೆ. ನನಗೆ ನಂಬಿಕೆ ಇರಲಿಲ್ಲ. ತಮ್ಮನಿಗೆ ಮಂಡೆ ಸಮ ಇಲ್ಲ, ಪೊರ್ಬುಗಳಿಗೆ ಮೊದಲೇ ಇಲ್ಲ ಎಂದುಕೊಂಡೆ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಹೋಗಿ ನೋಡಿದರೆ, ಕೆರೆಯ ಆಚೆ ತುದಿಯಿಂದ ಇಳಿಯುವ ನೀರಿನಲ್ಲಿ ನನ್ನ ಕಾಲಿನ ಉಗುರು ಕಾಣುತ್ತಿತ್ತು. ಬಗ್ಗಿ ಮೂಸಿದೆ. ಬರೀ ಮಣ್ಣಿನ ವಾಸನೆ.

"ಇದು ಭತ್ತಕ್ಕೆ ಮಾತ್ರ ಆಯ್ತಾ ಶ್ರೀಮತಿಯಕ್ಕ? ಕುಡಿಯಲಿಕ್ಕೆ ಅಲ್ಲ, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೂ ಅಲ್ಲ" ಎಂದು ಪೊರ್ಬುಗಳು ನನಗೂ ಪಾಠ ಹೇಳಿದರು.

ಬೊಂಬಾಯಿ ಬಸ್ಸು ಆ ವರ್ಷ ದೂಮಪ್ಪನನ್ನು ಬಿಟ್ಟು ಹೋಯಿತು. ಡಿಸೆಂಬರಿನಲ್ಲಿ ಇಡೀ ಬೈಲು ಒಣಗಿ ಬಿರುಕು ಬಿಟ್ಟಿರುವಾಗ ಅವನ ಗದ್ದೆ ಒಂದೇ ಹಸುರು. ಗುಲಾಬಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗದ್ದೆಯಂಚಿನ ಹುಣಿಯ ಮೇಲೆ ನಿಂತು ನೋಡುತ್ತಿದ್ದಳು. ಊರಿನವರೂ ಬಂದು ನೋಡಿದರು. ಪಕ್ಕದ ಗದ್ದೆಯ ಜೋಕಿಮ್ ಬಂದ, ಮೂಡುಮನೆಯ ಅಣ್ಣು ಬಂದ. "ಬರುವ ವರ್ಷ ನಮಗೂ ಸ್ವಲ್ಪ ತಿರುಗಿಸು ದೂಮಪ್ಪ" ಎಂದರು. "ಅದಕ್ಕೆಂತ, ಬೇಕಾದಷ್ಟು ಉಂಟು" ಎಂದ ಇವನು. ಇವನಿಗೆ ಹಿಡಿದಿಟ್ಟುಕೊಳ್ಳುವ ಬುದ್ಧಿಯೇ ಇಲ್ಲ.

ಇನ್ನು ಧನಿಗಳ ವಿಷಯ. ವಿಷ್ಣುಮೂರ್ತಿ ರಾಯರು ನಮ್ಮ ದೇವಿ ದೇವಸ್ಥಾನದ ಮೊಕ್ತೇಸರರು. ಗದ್ದೆಗಳು ಡಿಕ್ಲರೇಶನ್ನಿನಲ್ಲಿ ಹೋದ ಮೇಲೆ ಅವರ ಕೈಯಲ್ಲಿ ಉಳಿದದ್ದು ದೇವಿ ಒಬ್ಬಳೇ. ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಧನುಪೂಜೆಯ ತಿಂಗಳಲ್ಲಿ ಒಂದು ಬೆಳಗ್ಗೆ ಗರ್ಭಗುಡಿಯ ದೀಪ ಆರಿತು. ಬಾಗಿಲು ತೆರೆದಿತ್ತು, ಚಳಿಗಾಳಿ ಬೀಸುತ್ತಿತ್ತು, ದೀಪ ಆರದೆ ಮತ್ತೆ ಕುಣಿಯಬೇಕಿತ್ತಾ? ಅದೇ ವಾರ ರಾಯರ ಹಸುವಿನ ಗಬ್ಬ ಹೋಯಿತು. ಎರಡನ್ನೂ ಗಂಟು ಹಾಕಿ, ಎಂತದೋ ದೋಷ ಉಂಟು ಎಂದು ತೀರ್ಮಾನಿಸಿ, ಅಷ್ಟಮಂಗಲ ಪ್ರಶ್ನೆ ಇಡಿಸಿದರು. ಹಸುವನ್ನು ಒಬ್ಬ ಡಾಕ್ಟರಿಗೆ ತೋರಿಸುವ ಬುದ್ಧಿ ಮಾತ್ರ ಬರಲಿಲ್ಲ.

ಗಡಿಯ ಆಚೆಯಿಂದ ಜೋಯಿಸರು ಕಾರಿನಲ್ಲಿ ಬಂದರು. ಕವಡೆಗಳನ್ನು ಮಣೆಯ ಮೇಲೆ ಹರಡಿ, ಕಣ್ಣು ಮುಚ್ಚಿ, ತೆರೆದು, ಪುನಃ ಮುಚ್ಚಿದರು. ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದೆ.

"ಜಲದಲ್ಲಿ ಅಶುದ್ಧಿ ಕಾಣುತ್ತದೆ" ಎಂದರು ಜೋಯಿಸರು. "ಎತ್ತರದ ಸ್ಥಾನದಿಂದ ಇಳಿದು ಬರುವ ಜಲ. ಅದಕ್ಕೆ ಸ್ತ್ರೀಸಂಬಂಧ ಉಂಟು. ಮುಟ್ಟಿನ ಮೈಲಿಗೆ ಉಂಟು. ಆ ಜಲದಲ್ಲಿ ಬೆಳೆದ ಅನ್ನ ದೇವಿಯ ಸಾನ್ನಿಧ್ಯಕ್ಕೆ ಬಾಧಕ."

ಸಭೆಯಲ್ಲಿ "ಹೋ!" ಎಂದು ದೊಡ್ಡ ಉಸಿರು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟು ಸರಿಯಾಗಿ ಕಂಡುಹಿಡಿದರು ಎಂದು ಭಕ್ತಿಯಿಂದ ಮೈ ಜುಮ್ಮೆಂದವರಂತೆ ಕೂತರು.

ನನಗೆ ತಡೆಯಲಾಗಲಿಲ್ಲ. "ಅದಕ್ಕೆ ಕವಡೆ ಯಾಕೆ ಸ್ವಾಮೀ? ಮೇಲೆ ಲೇಡೀಸ್ ಹಾಸ್ಟೆಲ್ ಅಂತ ಬೋರ್ಡೇ ಉಂಟಲ್ಲ!" ಎಂದೆ.

ಒಂದಿಬ್ಬರು ನಕ್ಕು, ಕೂಡಲೇ ಕೆಮ್ಮಿದರು. ರಾಯರು ನನ್ನ ಕಡೆ ತಿರುಗಲೂ ಇಲ್ಲ. "ಶ್ರೀಮತೀ, ಇದು ನಿನಗೆ ಅರ್ಥ ಆಗುವ ವಿಷಯ ಅಲ್ಲ. ಸುಮ್ಮನೆ ಕೂತುಕೋ" ಎಂದರು.

"ಮುಟ್ಟಿನ ವಿಷಯ ನನಗೆ ಅರ್ಥ ಆಗುವುದಿಲ್ಲ, ನಿಮಗೆ ಆಗುತ್ತದೆ, ಅಲ್ವಾ ಧನಿಗಳೇ?"

ಪಕ್ಕದಲ್ಲಿದ್ದ ಗುಲಾಬಿ ನನ್ನ ಸೆರಗು ಹಿಡಿದು ಎಳೆದಳು. ನಾನು ಕೂತೆ. ಆದರೆ ಒಂದು ಮಾತು ನಿಮಗಾದರೂ ಹೇಳುತ್ತೇನೆ. ಹೆಂಗಸಿನ ಮೈಯಿಂದಲೇ ಇಳಿದು ಬಂದ ಈ ಮಹಾನುಭಾವರು, ಹೆಂಗಸು ಸ್ನಾನ ಮಾಡಿದ ನೀರಿಗೆ ಪ್ರಾಯಶ್ಚಿತ್ತ ಹುಡುಕುತ್ತಾ ಕೂತಿದ್ದರು. ಗರ್ಭಗುಡಿಯಲ್ಲಿ ಕೂತಿದ್ದ ದೇವಿಯೂ ಹೆಂಗಸೇ. ಪಾಪ, ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಜೋಯಿಸರು ಪರಿಹಾರವನ್ನೂ ಹೇಳಿದರು. ನೀರು ನಿಂತಲ್ಲೇ ನೂರೆಂಟು ಶುದ್ಧಿಕಲಶ ಆಗಬೇಕು. ಪಂಚಗವ್ಯ, ಹಾಲು, ಎಳನೀರು ಎಲ್ಲ ಆ ನೀರಿಗೇ ಸಲ್ಲಬೇಕು. ಅಲ್ಲೇ ಅನ್ನಸಂತರ್ಪಣೆ ಆಗಬೇಕು. ಇಷ್ಟಾದರೆ ನೀರು ಶುದ್ಧ, ಬೆಳೆಯೂ ಶುದ್ಧ. ದೂಮಪ್ಪನಿಗೆ ಸಂತೋಷವೇ ಆಯಿತು. "ಹೋಗಲಿ ಅಕ್ಕ, ಒಂದು ದಿನದ ಕೆಲಸ. ಆಮೇಲೆ ಯಾರದ್ದೂ ಕಿರಿಕಿರಿ ಇಲ್ಲ" ಎಂದ. ಕಲಶಕ್ಕೆ ಚಪ್ಪರ ಹಾಕಲು ಬಿದಿರು ಕಡಿದು ಹೊತ್ತು ತಂದವನೂ ಅವನೇ.

ಸುದ್ದಿ ಕೇಳಿ ಓಸ್ವಾಲ್ಡ್ ಪೊರ್ಬುಗಳು ಗುಡ್ಡೆಯಿಂದ ಓಡಿಕೊಂಡೇ ಬಂದರು.

"ಧನಿಗಳೇ, ಪೂಜೆ ಮಾಡಿ, ನನ್ನದೇನೂ ಅಡ್ಡಿ ಇಲ್ಲ. ಹಾಲು ತುಪ್ಪ ಮಾತ್ರ ಕೆರೆಗೆ ಹೊಯ್ಯಬೇಡಿ. ಇದು ನಿಂತ ನೀರು, ಕೊಳೆಯುತ್ತದೆ. ಬೇಕಾದರೆ ಬದಿಯಲ್ಲಿ ಮಣ್ಣಿಗೆ ಬಿಡಿ."

ರಾಯರು ಶಾಲು ಸರಿಮಾಡಿಕೊಂಡರು. "ಪೊರ್ಬುಗಳೇ, ನಿಮ್ಮ ಇಗರ್ಜಿಯಲ್ಲಿ ಮೊಂಬತ್ತಿ ಎಲ್ಲಿ ಹಚ್ಚಬೇಕು ಅಂತ ನಾವು ಬಂದು ಹೇಳ್ತೇವಾ?"

ಪೊರ್ಬುಗಳು ತಿರುಗಿ ಗುಡ್ಡೆ ಹತ್ತಿದರು. ಅವರ ಡಿಪ್ಲೊಮಾದಲ್ಲಿ ಮೊಂಬತ್ತಿಯ ಪಾಠ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಲಶ ಆಯಿತು. ಏನು ಗದ್ದಲ! ನಾಲ್ಕು ವರ್ಷ ಆ ತೋಡಿಗೆ ಒಂದು ಬುಟ್ಟಿ ಮಣ್ಣು ಹಾಕದವರು ಆ ದಿನ ಮನೆಮನೆಯಿಂದ ಹಾಲಿನ ಚೆಂಬು ಹಿಡಿದುಕೊಂಡು ಬಂದರು. ಒಬ್ಬರು ಹೊಯ್ದದ್ದನ್ನು ನೋಡಿ ಇನ್ನೊಬ್ಬರು ಜಾಸ್ತಿ ಹೊಯ್ದರು. ಮೊಕ್ತೇಸರರ ಮನೆಯಿಂದ ದೊಡ್ಡ ಕ್ಯಾನುಗಳಲ್ಲೇ ಬಂತು. ಮೊಸರು, ತುಪ್ಪ, ಸೆಗಣಿ, ಗೋಮೂತ್ರ, ಎಳನೀರು, ಅರಸಿನ, ಹೂವು ಎಲ್ಲ ಕೆರೆಗೆ. ಕೆಸುವಿನ ಎಲೆಗಳ ಮೇಲೆ ತುಪ್ಪ ಗಟ್ಟಿಯಾಗಿ ಕೂತಿತು. ನೀರು ಬಿಳಿಯಾಯಿತು. "ನೋಡಿ, ಕ್ಷೀರಸಾಗರವೇ ಆಯಿತು" ಎಂದರು ದೇವಸ್ಥಾನದ ಪೂಜೆಯ ಭಟ್ಟರು. ಎಲ್ಲರೂ ಕೈಮುಗಿದರು.

ಆಮೇಲೆ ಊಟ. ದೂಮಪ್ಪನ ಹುಣಿಯ ಪಕ್ಕದಲ್ಲೇ ಚಪ್ಪರ, ನಾನೂರು ಎಲೆ. ಅನ್ನ, ಸಾರು, ಹುಳಿ, ಪಾಯಸ. ನಿಜ ಹೇಳಬೇಕು, ಪಾಯಸ ಚೆನ್ನಾಗಿತ್ತು. ಉಂಡಾದ ಮೇಲೆ ಆ ನಾನೂರು ಎಂಜಲೆಲೆ ಎಲ್ಲಿಗೆ? ಹತ್ತಿರದಲ್ಲೇ ಒಂದು ಹೊಂಡ ಉಂಟಲ್ಲ! ಕೊಳೆ ಕೂರಲೆಂದು ಪೊರ್ಬುಗಳು ಕಟ್ಟಿದ ಮೊದಲನೆಯ ಹೊಂಡ. ರಾಶಿ ರಾಶಿ ಎಲೆ ಅದರೊಳಗೆ ಬಿತ್ತು. ಪಾಯಸದ ಕಡಾಯಿ, ಅನ್ನದ ಕೊಪ್ಪರಿಗೆ ತೊಳೆಯಲು ನೀರು? ಕೆರೆಯೇ ಉಂಟಲ್ಲ. ಬೆಲ್ಲ, ತೆಂಗಿನಹಾಲು, ತಳಹಿಡಿದ ಅನ್ನ, ಗಂಜಿತಿಳಿ ಎಲ್ಲ ಕ್ಷೀರಸಾಗರಕ್ಕೇ. ದೂಮಪ್ಪ ಅಡ್ಡ ಹೋಗಿ, "ಅದರೊಳಗೆ ಹಾಕಬೇಡಿ, ಮಾರಾಯ್ರೇ, ಕಟ್ಟಿಕೊಳ್ಳುತ್ತದೆ" ಎಂದು ಅಂಗಲಾಚಿದ. "ಹೊಂಡ ಇರುವುದು ಮತ್ತೆ ಯಾಕೆ?" ಎಂದು ಯಾರೋ ಕೇಳಿದರು. ಎಂಜಲು ಮುಸುರೆ ಎಂದು ಅಡುಗೆಮನೆಯಲ್ಲಿ ಹತ್ತು ಸಲ ಕೈ ತೊಳೆಯುವ ಜನ ಇವರು. ತಮ್ಮ ಎಂಜಲು ಬೇರೆಯವರ ಗದ್ದೆಗೆ ಹೋಗುವಾಗ ಮೈಲಿಗೆ ಆಗುವುದಿಲ್ಲ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ಹಿರಿಯರು ಸುಮ್ಮನೆ ಹೇಳಿದ್ದಾ?

ಒಂದು ವಾರ ಸಾಕಾಯಿತು. ಮೊದಲು ಕೆಸುವಿನ ಎಲೆ ಹಳದಿಯಾಗಿ ಮಲಗಿತು. ನೀರಿನ ಮೇಲೆ ಕೆನೆಯ ಹಾಗೆ ಒಂದು ಪೊರೆ, ಅದರಡಿಯಿಂದ ಗುಳುಗುಳು ಗುಳ್ಳೆ. ಬಾಳೆಲೆ ಕೊಳೆತು ಜಲ್ಲಿಯ ಹೊಂಡಕ್ಕೆ ಇಳಿದು ಸಂದು ಸಂದನ್ನೂ ಮುಚ್ಚಿತು. ಮೇಲಿನಿಂದ ಬರುವ ಕೊಳೆ ಸೋಸದೆ ಮೇಲಿನಿಂದಲೇ ಉಕ್ಕಿ ಹರಿಯಿತು. ಹಾಸ್ಟೆಲಿನ ನೀರು ನಾಲ್ಕು ವರ್ಷದಲ್ಲಿ ನಾರದಷ್ಟು ಆ ಒಂದು ವಾರದಲ್ಲಿ ನಾರಿತು.

ಪೊರ್ಬುಗಳು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟರು. "ಈ ನೀರು ಬಿಟ್ಟರೆ ಪೈರು ಸುಟ್ಟುಹೋಗುತ್ತದೆ ದೂಮಪ್ಪ. ಎಲ್ಲ ಖಾಲಿ ಮಾಡಿ, ಜಲ್ಲಿ ತೊಳೆದು, ಕೆಸು ಪುನಃ ಹಿಡಿಯಬೇಕಾದರೆ ಒಂದು ತಿಂಗಳು ಬೇಕು."

"ಭತ್ತ ಹಾಲು ಕಟ್ಟುತ್ತಾ ಉಂಟು ಪೊರ್ಬುಗಳೇ. ಒಂದು ತಿಂಗಳು ಅದು ಕಾಯುವುದಿಲ್ಲ" ಎಂದ ದೂಮಪ್ಪ.

ಊರಿನವರೂ ಬಂದರು, ಈ ಸಲ ಎಲ್ಲರೂ ಮೂಗು ಮುಚ್ಚಿಕೊಂಡು. ಬಂದು ಏನೆಂದರು ಗೊತ್ತುಂಟಾ? "ಕಲಶದ ಶಕ್ತಿ ನೋಡಿ! ಒಳಗೆ ಅಡಗಿದ್ದ ಅಶುದ್ಧಿಯೆಲ್ಲ ಮೇಲೆ ಬಂತು!" ಜೋಯಿಸರು ಹೇಳಿದ್ದು ಸಾಲಿಗೆ ಸಾಲು ನಿಜವಾಯಿತಂತೆ. ತಾವೇ ಹೊಯ್ದ ಪಾಯಸ ಕೊಳೆತು ನಾರುವುದನ್ನು ಮೂಸಿ ಭಕ್ತಿಯಿಂದ ಕಣ್ಣು ಮುಚ್ಚಿದ ಜನವನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಬರುವ ವರ್ಷಕ್ಕೆ ನೀರು ಕೇಳಿದ್ದ ಅಣ್ಣುವೂ ಅಲ್ಲಿದ್ದ, ತಲೆ ಆಡಿಸುತ್ತಾ. ಜೋಕಿಮ್ ಒಬ್ಬ ಮಾತ್ರ, "ಅದು ಪಾಯಸದ ವಾಸನೆ ಮಾರಾಯ್ರೇ" ಎಂದ. ಅವನು ಕ್ರಿಶ್ಚಿಯನ್, ಅವನಿಗೆ ಎಂತ ಗೊತ್ತು ಎಂದರು. ಮೂಗಿಗೂ ಜಾತಿ ಉಂಟೆಂದು ನನಗೆ ಅಂದೇ ತಿಳಿದದ್ದು. ದೇವಸ್ಥಾನದ ಸಮಿತಿಯವರು ಸೇರಿ ಮೊದಲನೆಯ ಹೊಂಡದ ಬಾಯಿಗೇ ಕಲ್ಲು ಮಣ್ಣು ಹಾಕಿ ಮುಚ್ಚಿ, ನೀರನ್ನು ಪುನಃ ಹಳೆಯ ತೋಡಿಗೆ ತಿರುಗಿಸಿದರು.

ದೂಮಪ್ಪ ಮನೆಯ ಬಾವಿಯಿಂದ ಕೊಡದಲ್ಲಿ ನೀರು ಹೊತ್ತ. ನಾನೂ ಹೊತ್ತೆ. ಗದ್ದೆಗೆ ಕೊಡದಲ್ಲಿ ನೀರು ಹೊರುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಾವಿ ತಳ ಕಂಡಿತು. ಫೆಬ್ರವರಿ ಮುಗಿಯುವ ಮೊದಲೇ ತೆನೆಗಳು ಬಿಳಿಚಿ ನೇರ ನಿಂತವು. ಕಾಳಿದ್ದ ತೆನೆ ಬಾಗುತ್ತದೆ, ಇವು ಬಾಗಲಿಲ್ಲ. ಒಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದೆ. ಎಲ್ಲ ಹಾರಿಹೋಯಿತು. ಬರೀ ಜಳ್ಳು.

ಮರುದಿನವೇ ರಾಯರು ನಮ್ಮ ಅಂಗಳಕ್ಕೆ ಬಂದರು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಬಹಳ ಕರುಣೆಯಿಂದ ಮಾತಾಡಿದರು. "ದೂಮಪ್ಪಾ, ಬೊಂಬಾಯಿಗೆ ಫೋನು ಮಾಡಿದ್ದೇನೆ. ತಮ್ಮನಲ್ಲಿ ಜಾಗ ಉಂಟು. ಸೋಮವಾರದ ಬಸ್ಸಿಗೆ ಹೋಗು. ದೇವಿ ಯಾರನ್ನೂ ಕೈಬಿಡುವುದಿಲ್ಲ."

ಹೋಟೆಲಿಗೆ ಆಳು ಬೇಕೆಂದೇ ಇಷ್ಟೆಲ್ಲ ಮಾಡಿದರಾ ಎಂದು ನೀವು ಕೇಳಬಹುದು. ಇಲ್ಲ. ಅಷ್ಟು ತಲೆ ಇದ್ದಿದ್ದರೆ ನಾನು ಅವರಿಗೆ ಸ್ವಲ್ಪ ಮರ್ಯಾದೆಯನ್ನಾದರೂ ಕೊಡುತ್ತಿದ್ದೆ. ಅವರು ನಿಜವಾಗಿಯೂ ನಂಬಿದ್ದರು. ನಂಬಿಕೊಂಡೇ ನನ್ನ ತಮ್ಮನ ಅನ್ನ ಕಳೆದರು.

"ಇವಳಿಗೆ ಬರುವ ತಿಂಗಳೇ ದಿನ ಧನಿಗಳೇ" ಎಂದ ದೂಮಪ್ಪ.

"ಹೆರುವುದು ಅವಳಲ್ಲವಾ? ನೀನು ಇದ್ದು ಎಂತ ಮಾಡುತ್ತಿ?"

ಒಳಗೆ ಬಾಗಿಲಿನ ಹಿಂದೆ ಗುಲಾಬಿ ಅದನ್ನು ಕೇಳಿಸಿಕೊಂಡಳು. ಅವಳು ಅಳಲಿಲ್ಲ. ಗಂಡನ ಟ್ರಂಕು ತೆಗೆದು ಧೂಳು ಒರೆಸಲು ಕೂತಳು. ಅದನ್ನು ನೋಡಿ ದೂಮಪ್ಪ ಅಂಗಿ ಹಾಕಿಕೊಂಡು ಹೊರಟವನು ಸೀದಾ ಗುಡ್ಡೆ ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ಬಂದು, "ಟ್ರಂಕು ಒಳಗಿಡು. ನನಗೆ ಹಾಸ್ಟೆಲಿನಲ್ಲಿ ಕೆಲಸ ಆಯಿತು" ಎಂದ.

"ಎಂತ ಕೆಲಸ?" ಎಂದೆ.

"ಹೊಂಡದ ಕೆಲಸ ಅಕ್ಕ. ಪೈಪು ಕಟ್ಟಿದರೆ ಬಿಡಿಸುವುದು, ಕೊಳೆ ತೆಗೆಯುವುದು. ಕೆಳಗಿನ ನಮ್ಮ ಹೊಂಡವನ್ನೂ ಪುನಃ ಸರಿ ಮಾಡುವ ಅಂತ ಪೊರ್ಬುಗಳು ಹೇಳಿದ್ದಾರೆ."

ನಮ್ಮ ಜಾತಿಯಲ್ಲಿ ಹಿಂದೆ ಯಾರೂ ಆ ಕೆಲಸಕ್ಕೆ ಹೋದವರಿಲ್ಲ. ನನಗೂ ಮೊದಲು ಬೇಡವೆನ್ನಿಸಿತು. ಆದರೆ ಅವನು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾನೆ. ಗುಲಾಬಿ ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತಾನೆ. ಅಷ್ಟು ಸಾಕೆಂದು ಸುಮ್ಮನಾದೆ.

ಊರು ಸುಮ್ಮನಾಗಲಿಲ್ಲ. ಚಹದ ಅಂಗಡಿಯಲ್ಲಿ ಅವನ ಗ್ಲಾಸು ಬೇರೆಯಾಯಿತು. ಅದನ್ನು ಹೊರಗಿನ ಕಿಟಕಿಯ ಕಂಡಿಯಲ್ಲಿ ಕವುಚಿ ಇಟ್ಟರು. ದೇವಸ್ಥಾನದಲ್ಲಿ ಭಟ್ಟರು ಪ್ರಸಾದವನ್ನು ಎತ್ತರದಿಂದ ಹಾಕಿದರು, ಅರ್ಧ ನೆಲಕ್ಕೆ ಬಿತ್ತು. ಎದುರು ಬಂದವರು ದಾರಿ ಬಿಟ್ಟು ಹುಣಿಗೆ ಇಳಿದರು. ಬೊಂಬಾಯಿಯಲ್ಲಿ ಎಂಟು ವರ್ಷ ಕಂಡಕಂಡವರ ಎಂಜಲು ತೊಳೆದು ಬಂದಾಗ ಇದೇ ದಾರಿಯಲ್ಲಿ ಇವರೇ ಎದುರುಗೊಂಡು, "ಎಂತ ದೂಮಪ್ಪ, ಬೊಂಬಾಯಿ ಸೇಟು!" ಎಂದು ಬೆನ್ನು ತಟ್ಟುತ್ತಿದ್ದರು. ದೂರದ ಎಂಜಲು ಸಂಪಾದನೆ, ಹತ್ತಿರದ ಕೊಳೆ ಮೈಲಿಗೆ. ನಾನು ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಬಯ್ದೆ. ದೂಮಪ್ಪ ಮಾತ್ರ ದಿನಾ ಬೆಳಗ್ಗೆ ತನ್ನ ಪಾಡಿಗೆ ಗುಡ್ಡೆ ಹತ್ತಿದ. ಅವನಿಗೆ ಅದು ತಾಗಿಲ್ಲವೆಂದೇ ನಾನು ತಿಳಿದಿದ್ದೆ.

ಮಾರ್ಚಿನ ಒಂದು ಮಧ್ಯಾಹ್ನ ಗುಲಾಬಿಗೆ ನೋವು ಬಂತು. ಸೂಲಗಿತ್ತಿಗೆ ಹೇಳಿಕಳಿಸಿದರೆ, ಆ ಮನೆಗೆ ಬಂದರೆ ತನ್ನನ್ನು ಬೇರೆ ಮನೆಗೆ ಸೇರಿಸುವುದಿಲ್ಲ ಎಂದಳಂತೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಗುಡ್ಡೆಗೆ ಓಡಿದೆ. ದೂಮಪ್ಪ ಎದೆಯವರೆಗೆ ಹೊಂಡದೊಳಗಿದ್ದ. ಪೊರ್ಬುಗಳು ಹಾಸ್ಟೆಲಿನ ಜೀಪು ತೆಗೆಸಿದರು. ಅವನು ಹಾಸ್ಟೆಲಿನ ಹಿಂದಿನ ನಲ್ಲಿಯಲ್ಲಿ ಮೈ ತೊಳೆದು, ಒದ್ದೆ ಮೈಗೇ ಅಂಗಿ ಸಿಕ್ಕಿಸಿಕೊಂಡು ಬಂದ. ಗುಲಾಬಿಯನ್ನು ಜೀಪಿಗೆ ಹತ್ತಿಸಿ ಗುಡ್ಡೆಯ ಮೇಲಿನ ಆಸ್ಪತ್ರೆಗೆ ತಲುಪಿಸಿದೆವು.

ಹೊರಗೆ ಬೆಂಚಿನಲ್ಲಿ ನಾನು ಕೂತೆ. ಅವನು ಕೂರಲಿಲ್ಲ. ವರಾಂಡದ ಕೊನೆಯ ನಲ್ಲಿಗೆ ಹೋಗಿ ಕೈ ತೊಳೆದು ಬಂದ. ಪುನಃ ಹೋಗಿ ತೊಳೆದ. ಆಯಾ ಒಬ್ಬಳು, "ಸೋಪೆಲ್ಲ ನಿಮಗೇ ಬೇಕಾ?" ಎಂದು ಗದರಿದಳು. ಆಗ ಬಂದು ಗೋಡೆಗೆ ತಾಗದ ಹಾಗೆ ನಿಂತ.

ಬಾಗಿಲು ತೆರೆಯುವ ಮೊದಲೇ ಅಳು ಕೇಳಿತು. ದೊಡ್ಡ ಅಳು, ಇಡೀ ವರಾಂಡಕ್ಕೆ ಕೇಳುವ ಹಾಗೆ. ಬಿಳಿ ಕೋಟಿನ ಒಬ್ಬಳು ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅವಳ ತೋಳಿನ ಮೇಲೆ ಇನ್ನೂ ರಕ್ತ ಇತ್ತು.

"ಹೆಣ್ಣು ಮಗು. ತಾಯಿ ಸಹ ಆರಾಮ ಇದ್ದಾರೆ" ಎಂದು ನಗುತ್ತಾ ಹೇಳಿ ದೂಮಪ್ಪನ ಕಡೆ ನೋಡಿದಳು. "ಅರೆ! ನೀವು ನಮ್ಮ ಹಾಸ್ಟೆಲಿನ ದೂಮಪ್ಪ ಅಲ್ವಾ? ಹಿಡ್ಕೊಳ್ಳಿ, ನಿಮ್ಮದೇ ಮಗು."

ಅವಳು ಆ ಹಾಸ್ಟೆಲಿನವಳು. ಯಾರ ಸ್ನಾನದ ನೀರಿಗೆ ನೂರೆಂಟು ಕಲಶ ಆಯಿತೋ ಅವಳು. ನನ್ನ ತಮ್ಮನ ಮಗುವನ್ನು ಬದುಕಿಸಿ ಹೊರಗೆ ತಂದ ಆ ಕೈಗಳ ಮಡಿ ಮೈಲಿಗೆ ಕೇಳಲು ಯಾವ ಜೋಯಿಸನೂ ಅಲ್ಲಿರಲಿಲ್ಲ. ಅವಳ ಕಾಲಿಗೆ ಬೀಳಬೇಕೆನ್ನಿಸಿತು ನನಗೆ.

ದೂಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿಕೊಂಡ.

"ಬೇಡ ಡಾಕ್ಟ್ರೇ. ನಾನು ಇಲ್ಲಿಂದಲೇ ನೋಡುತ್ತೇನೆ."

"ಎಂತ ದೂಮಪ್ಪ? ಇದಕ್ಕೇ ಅಲ್ಲವಾ ನೀನು ಬೊಂಬಾಯಿಗೆ ಹೋಗದೆ ಉಳಿದದ್ದು?" ಎಂದೆ ನಾನು.

"ಹೊಂಡದ ಕೈ ಅಕ್ಕ. ಎಷ್ಟು ತೊಳೆದರೂ ಹೋಗುವುದಿಲ್ಲ" ಎಂದ. "ಮೊದಲೇ ಎರಡು ಹೋಗಿದೆ. ನಾನು ಮುಟ್ಟಿ ಇದಕ್ಕೆ ಏನಾದರೂ ಆದರೆ?"

ಇಷ್ಟು ದಿನ ನಾನು ಊರಿನವರನ್ನು ಬಯ್ದದ್ದೆಲ್ಲ ಬಾಯಿಯ ಬಯ್ಗುಳ. ಆ ಗಳಿಗೆಯಲ್ಲಿ ನನಗೆ ಬಂದದ್ದು ಬೇರೆ. ಗದ್ದೆ ಒಣಗಿಸಿದರು, ಹೋಗಲಿ, ಬರುವ ವರ್ಷ ಬೆಳೆಯಬಹುದು. ಆದರೆ ಈ ಮಾತನ್ನು ಇವನ ಒಳಗೆ ಬಿತ್ತಿದರಲ್ಲ, ಅದಕ್ಕೆ ನೀರೇ ಬೇಕಾಗಿರಲಿಲ್ಲ. ಅದು ಅಷ್ಟು ಚೆನ್ನಾಗಿ ಬೆಳೆದು ನಿಂತಿತ್ತು. ಹಾಳಾಗಿ ಹೋಗಲಿ ಅವರ ಮಡಿ. ಅವರ ನೂರೆಂಟು ಕಲಶಕ್ಕೂ ಬೆಂಕಿ ಬೀಳಲಿ.

ಡಾಕ್ಟರು ಹುಡುಗಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಮಗುವನ್ನು ಅವಳಿಂದ ತೆಗೆದುಕೊಂಡು ಸೀದಾ ಅವನ ಎದೆಗೆ ಹಿಡಿದೆ. ಬೀಳುತ್ತದೆಂಬ ಹೆದರಿಕೆಗೆ ಅವನು ತೋಳು ಮುಂದೆ ಮಾಡಲೇಬೇಕಾಯಿತು. ಮೊಣಕೈಗಳ ಮೇಲೆ ಮಗುವನ್ನು ತೆಗೆದುಕೊಂಡ. ಎರಡೂ ಅಂಗೈಗಳನ್ನು ಮಾತ್ರ ಹೊರಗೆ ತಿರುಗಿಸಿ, ಬೆರಳು ಬಿಡಿಸಿ, ಮಗುವಿಗೆ ತಾಗದ ಹಾಗೆ ಗಾಳಿಯಲ್ಲಿ ಹಿಡಿದುಕೊಂಡಿದ್ದ.

"ಮುಟ್ಟು" ಎಂದೆ.

ಅವನು ತಲೆ ಅಲ್ಲಾಡಿಸಿದ. ಅವನ ಕಣ್ಣಿನಿಂದ ನೀರು ಇಳಿದು ಮಗುವಿನ ಬಟ್ಟೆಯ ಮೇಲೆ ಬೀಳುತ್ತಿತ್ತು. ನಾನು ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದು ಅಂಗೈಗಳನ್ನು ಮಗುವಿನ ಕಡೆಗೆ ತಿರುಗಿಸಿದೆ. ಅವನು ಬಿಗಿ ಹಿಡಿದ. ನಾನು ಬಿಡಲಿಲ್ಲ.